5 ವಾಟಿನಲ್ಲಿ ಕಾರವಾರದಿಂದ ಅಲಿಬಾಗ್! ನಿನ್ನೆ ಬೆಳಿಗ್ಗೆ ಸಮುದ್ರದ ಮೇಲೆ ಎಂತ ಆಗಿತ್ತು?

ಕಡಲಕರೆ_73 (ಕಾರವಾರ) · ಸೋಮವಾರ, ರಾತ್ರಿ 9:12

ಎಲ್ರಿಗೂ ನಮಸ್ಕಾರ. ಬಹಳ ದಿನ ಆಯ್ತು ಇಲ್ಲಿ ಬರೀದೆ, ಬರಿಯೂಕೆ ಎಂತದೂ ಇರ್ಲಿಲ್ಲ ಅದೇ ಕಾರಣ. ಎರಡು ವರ್ಷದ ಹಿಂದೆ ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ದೂರದವರ ಹತ್ರ ಮಾತಾಡೂ ವಯರ್‌ಲೆಸ್) ಲೈಸೆನ್ಸ್ ಬಂದಾಗ ಖುಷಿಯಲ್ಲಿ ಒಂದು 5 ವಾಟಿನ ಹ್ಯಾಂಡಿ, ಅಂದ್ರೆ ಕೈಯಲ್ಲಿ ಹಿಡಿಯೂ ಸೆಟ್ಟು, ತಕಂಡೆ, ಕೋಡಿಬಾಗದ ನಮ್ಮ ಮನೆ ಟೆರೇಸ್ ಮೇಲೆ ನಿಂತು ದಿನಾ ಸಂಜೆ ಪಿಟಿಟಿ (ಮಾತಾಡೂ ಗುಂಡಿ) ಒತ್ತಿ ಕರೆದದ್ದೇ ಕರೆದದ್ದು, ಒಂದು ನರಪಿಳ್ಳೆ ಉತ್ತರ ಕೊಡ್ಲಿಲ್ಲ. ಎಚ್‌ಎಫ್ (ದೂರ ಹೋಗೂ ಉದ್ದ ತರಂಗ) ಮಾಡೂ ಹಿರಿಯರು ಹೇಳಿದ್ರು, ವಿಎಚ್‌ಎಫ್ (ಹ್ಯಾಂಡಿಯ ಗಿಡ್ಡ ತರಂಗ) ಅಂದ್ರೆ ಊರೊಳಗಿನ ಹರಟೆ ಮಾರಾಯ, ದೊಡ್ಡ ತಂತಿ ಕಟ್ಟು 40 ಮೀಟರ್ ತರಂಗಕ್ಕೆ ಬಾ ಅಂತ. ಬಾಡಿಗೆ ಮನೆ, ತಂತಿ ಕಟ್ಟೂಕೆ ಜಾಗ ಎಲ್ಲಿ? ಸೆಟ್ಟು ಡ್ರಾಯರ್ ಸೇರ್ತು.

ಕಳೆದ ತಿಂಗಳು ಸುಮ್ನೆ ಕೈಕೆರೆತಕ್ಕೆ 5 ಎಲಿಮೆಂಟಿನ (ಅಡ್ಡ ಕಡ್ಡಿಯ) ಒಂದು ಯಾಗಿ ಆಂಟೆನಾ ಮಾಡಿ, ನೀರಿನ ಪೈಪಿಗೆ ಕಟ್ಟಿ ಟೆರೇಸಲ್ಲಿ ನಿಲ್ಸಿದ್ದೆ. ನಿನ್ನೆ ಭಾನುವಾರ ಬೆಳಿಗ್ಗೆ 6:40ಕ್ಕೆ ಮೇಲೆ ಹೋದೆ. ಗಾಳಿ ಅಂದ್ರೆ ಗಾಳಿ ಇಲ್ಲ, ಸಮುದ್ರ ಎಣ್ಣೆ ಸುರಿದಂಗೆ ನುಣ್ಣಗೆ. ಪಕ್ಕದ ಮನೆಯವರು ಬಚ್ಚಲ ಹಂಡೆಗೆ ಬೆಂಕಿ ಹಾಕಿದ್ರು, ಆ ಹೊಗೆ ತೆಂಗಿನಮರದ ತಲೆವರೆಗೆ ನೆಟ್ಟಗೆ ಹೋಗಿ ಅಲ್ಲಿ ಎಂತದೋ ಅಡ್ಡ ಸಿಕ್ಕಿದಂಗೆ ನಿಂತು ಚಾಪೆ ಹಾಸಿದಂಗೆ ಹರಡ್ಕಂಡಿತ್ತು. ಸೆಟ್ಟು ಹಚ್ಚಿ ಯಾಗಿ ಗೋವಾ ಕಡೆ ತಿರುಗ್ಸಿ ಸ್ಕ್ಯಾನಿಗೆ ಹಾಕಿದ್ದೆ ಅಷ್ಟೆ, ಮರಾಠಿ ಧಾಟಿಯ ಇಂಗ್ಲಿಷಲ್ಲಿ ಒಬ್ರು ಸಿಕ್ಯೂ (ಯಾರಾದ್ರೂ ಇದ್ದೀರಾ ಅಂತ) ಕರೀತಿದ್ದಾರೆ. ನಾನು ಗೋವಾದವರೇ ಅಂದ್ಕಂಡು ಉತ್ತರ ಕೊಟ್ರೆ ಅವರು ಇರೂದು ಮುಂಬೈ ಹತ್ರದ ಅಲಿಬಾಗ್! ಮ್ಯಾಪಲ್ಲಿ ಅಳೆದೆ, 440 ಕಿಮೀ ಮೇಲೆ. ಅವರದ್ದೂ ದೊಡ್ಡ ಸ್ಟೇಶನ್ ಅಲ್ಲ, ಬಾಲ್ಕನಿಯಲ್ಲಿ ಒಂದು ಕೋಲು. 22 ನಿಮಿಷ ಮಾತಾಡಿದ್ವಿ, ಪಕ್ಕದ ಓಣಿಯವರ ಹತ್ರ ಮಾತಾಡಿದಂಗೆ. ಧ್ವನಿ ನಿಧಾನಕ್ಕೆ ಏರೂದು ಇಳಿಯೂದು, ಅಲೆ ಬಂದು ಹೋದಂಗೆ. ಚಾ ಕುಡಿದು ಬರ್ತೆ ಅಂತ ಕೆಳಗೆ ಇಳಿದು ವಾಪಸ್ ಬರೂದ್ರೊಳಗೆ ಎಲ್ಲಾ ಮಾಯ, ಬರೀ ಸೊಂಯ್ ಅಂತ ಶಬ್ದ. ಮತ್ತೆ ಯಾರಿಗಾದ್ರೂ ಹಿಂಗೆ ಆಗಿದ್ಯಾ?

ಅನುಮಾನದ_ಅಪ್ಪು (ಕುಮಟಾ) · ಸೋಮವಾರ, ರಾತ್ರಿ 9:40

ಬೇಜಾರು ಮಾಡ್ಕಬೇಡಿ, ಇದು ಇಂಟರ್ನೆಟ್ ಲಿಂಕ್ ಇರೂ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳ್ಸೂ ಸ್ಟೇಶನ್) ಇರ್ಬೇಕು. ಗೋವಾ ಕಡೆ ಯಾವುದೋ ರಿಪೀಟರ್ ನಿಮ್ಮ 5 ವಾಟ್ ಹಿಡಿದದೆ, ಉಳಿದ 400 ಕಿಮೀ ಜಿಯೋ ಕೇಬಲ್ಲಿನಲ್ಲಿ ಹೋಗಿದೆ. ಲೆಕ್ಕ ಹಾಕಿ ನೋಡಿ, ವಿಎಚ್‌ಎಫ್ ನೇರ ಹೋಗೂದು, ಭೂಮಿ ದುಂಡಗೆ ಅದೆ. ನಿಮ್ಮ ಟೆರೇಸ್ 12 ಮೀಟರ್ ಎತ್ತರ ಅಂದ್ರೆ ಎತ್ತರದ ವರ್ಗಮೂಲಕ್ಕೆ 4.12 ಗುಣಿಸಿದ್ರೆ 14 ಕಿಮೀ, ಆ ಕಡೆಯವರದ್ದೂ ಅಷ್ಟೇ ಅಂತ ಹಿಡಿದ್ರೂ ಎರಡೂ ಸೇರಿ 28 ಕಿಮೀ. 440 ಎಲ್ಲಿಂದ ಬಂತು?

ಕಡಲಕರೆ_73 · ಸೋಮವಾರ, ರಾತ್ರಿ 9:58

ಅಪ್ಪು, ನಂಗೂ ಮೊದಲು ಅದೇ ಅನುಮಾನ ಬಂತು ಅದ್ಕೇ ಅವರನ್ನೇ ಕೇಳಿದೆ. ಸಿಂಪ್ಲೆಕ್ಸ್, ಅಂದ್ರೆ ನಡುವೆ ರಿಪೀಟರ್ ಇಲ್ದೆ ನೇರ. ರಿಪೀಟರಿಗೆ ಬೇಕಾಗೂ ಟೋನ್ ಇಲ್ಲ, ಶಿಫ್ಟ್ ಇಲ್ಲ, ಇಬ್ರೂ ಒಂದೇ ಫ್ರೀಕ್ವೆನ್ಸಿ. ಇನ್ನೊಂದು ನಾನೇ ಮಾಡಿ ನೋಡಿದ್ದು, ಯಾಗಿಯನ್ನು ಉತ್ತರದಿಂದ ಪೂರ್ವಕ್ಕೆ ಕದ್ರಾ ಗುಡ್ಡದ ಕಡೆ ತಿರುಗ್ಸಿದ್ರೆ ಅವರು ಪೂರ್ತಿ ಮುಳುಗಿ ಹೋಗ್ತಿದ್ರು, ವಾಪಸ್ ತಿರುಗ್ಸಿದ್ರೆ ಮೀಟರ್ ಫುಲ್. ನಿನ್ನ ಲೆಕ್ಕ ಸರಿ ಅದೆ ಆದ್ರೆ ನಾನು ಕೇಳಿದ್ದೂ ಸುಳ್ಳಲ್ಲ ಮಾರಾಯ.

ಬೈತಖೋಲ_ಬೋಟು · ಸೋಮವಾರ, ರಾತ್ರಿ 10:31

ನಂಗೆ ಹ್ಯಾಮ್ ಗೀಮ್ ಗೊತ್ತಿಲ್ಲ, ತಮ್ಮ ಓದ್ತಾನೆ ಅಂತ ಇಲ್ಲಿ ಬಂದದ್ದು. ಆದ್ರೆ ಇದು ನಮಗೆ ಹೊಸದಲ್ಲ. ಬೋಟಲ್ಲಿ ವಯರ್‌ಲೆಸ್ ಇರ್ತದಲ, ದಿನಾ ಹತ್ರದ ಬೋಟಿನವರ ಮಾತು ಮಾತ್ರ ಬರೂದು. ಮಾಘ ಫಾಲ್ಗುಣದಲ್ಲಿ ಗಾಳಿ ಸತ್ತ ದಿನ ಅಂಜುದೀವ್ ದಾಟಿ ಹೊರಗೆ ಹೋದ್ರೆ ಗುಜರಾತ್ ಬೋಟಿನವರು ಬಡಬಡ ಮಾತಾಡೂದು ಕಿವಿಯ ಹತ್ರ ಬಂದಂಗೆ ಕೇಳ್ತದೆ, ನಮ್ಮವರ ಹತ್ರ ಮಾತಾಡೂಕೇ ಆಗೂದಿಲ್ಲ ಅಷ್ಟು ಗಲಾಟೆ. ನಿನ್ನೆ ಬೆಳಿಗ್ಗೆನೂ ಹಂಗೇ ಇತ್ತು.

ಘಟ್ಟದ_ಮೇಲೆ (ಶಿರಸಿ) · ಸೋಮವಾರ, ರಾತ್ರಿ 11:05

ಇದು ಅನ್ಯಾಯ ಭಾವ! ನಾನು ನಿನ್ನೆ ಬೆಳಿಗ್ಗೆ ಅದೇ ಹೊತ್ತಿಗೆ ರೇಡಿಯೋ ಹಚ್ಕಂಡು ಕೂತಿದ್ದೆ. ನಮ್ಮನೆ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 600 ಮೀಟರ್, ಮೇಲಿಂದ 9 ಎಲಿಮೆಂಟಿನ ಯಾಗಿ, 50 ವಾಟಿನ ಸೆಟ್ಟು, ಒಳ್ಳೆ ಕೇಬಲ್ಲು. ಅಪ್ಪು ಲೆಕ್ಕದಲ್ಲೇ ಹೋದ್ರೆ ನನ್ನ ಕ್ಷಿತಿಜವೇ 100 ಕಿಮೀ. ಅಲಿಬಾಗ್ ಬಿಡು, ಎಂಗೆ ಒಂದು ಪಿಸುಮಾತೂ ಕೇಳ್ಸಿದ್ದಿಲ್ಲೆ. ನೀನು ಕೈಯಲ್ಲಿ ಹಿಡಿಯೂ ಸೆಟ್ಟಲ್ಲಿ ಮಹಾರಾಷ್ಟ್ರ ಮಾತಾಡ್ಸ್ತೆ. ಹಂಗಾದ್ರೆ ಎತ್ತರಕ್ಕೆ ಹೋದಷ್ಟೂ ಒಳ್ಳೇದು ಅಂತ ಎಲ್ಲರೂ ಹೇಳೂದು ಎಂತಕ್ಕೆ?

ಹೊನ್ನಾವರ_ಮಾಸ್ತರ · ಮಂಗಳವಾರ, ಬೆಳಿಗ್ಗೆ 6:15

ಶಿರಸಿಯವರೇ, ನೀವು ಕೂತದ್ದು ಮಾಳಿಗೆ ಮೇಲೆ, ಜಾತ್ರೆ ನಡೆದದ್ದು ಕೆಳಗಿನ ಓಣಿಯಲ್ಲಿ. ಅಷ್ಟೇ ವಿಷಯ.

ಸ್ವಲ್ಪ ಬಿಡಿಸಿ ಹೇಳ್ತೆ. ಮಾಮೂಲಿ ದಿನ ಮೇಲೆ ಹೋದಂತೆ ಹವೆ ತಂಪಾಗ್ತದೆ, ತೆಳು ಆಗ್ತದೆ, ಇದು ನಿಧಾನಕ್ಕೆ ಆಗೂದ್ರಿಂದ ರೇಡಿಯೋ ತರಂಗ ಸ್ವಲ್ಪ ಮಾತ್ರ ಬಗ್ತದೆ. ಆ ಬಗ್ಗೂದೂ ಅಪ್ಪುವಿನ 4.12ರಲ್ಲಿ ಸೇರಿಯೇ ಅದೆ, ಕಣ್ಣಿಗೆ ಕಾಣೂ ಕ್ಷಿತಿಜಕ್ಕಾದ್ರೆ 3.57 ಬರ್ತದೆ. ಆದ್ರೆ ಮಳೆಗಾಲ ಮುಗಿದ ಮೇಲೆ, ಅದ್ರಲ್ಲೂ ಜನವರಿಯಿಂದ ಮೇ ಮಧ್ಯದವರೆಗೆ, ನಮ್ಮ ಅರಬ್ಬಿ ಸಮುದ್ರದ ಮೇಲೆ ಬೇರೆಯೇ ಆಟ. ನೀರಿಗೆ ತಾಗಿಕಂಡು ತಂಪಾದ, ಪಸೆ ತುಂಬಿದ ಹವೆ. ಅದರ ಮೇಲೆ ನೆಲದ ಕಡೆಯಿಂದ ಬಂದ ಬಿಸಿ, ಒಣ ಹವೆ ಕಂಬಳಿ ಹೊದೆಸಿದಂಗೆ ಕೂತ್ಕತದೆ. ಎರಡರ ನಡುವಿನ ಗಡಿಯಲ್ಲಿ ಪಸೆ ಇದ್ದಕ್ಕಿದ್ದಂಗೆ ಕಮ್ಮಿ ಆಗೂದ್ರಿಂದ ತರಂಗ ಭೂಮಿಯ ದುಂಡಿಗಿಂತ ಜಾಸ್ತಿ ಬಗ್ಗಿ ಕೆಳಗೆ ಬರ್ತದೆ, ಸಮುದ್ರಕ್ಕೆ ಬಡಿದು ಮೇಲೆ ಹೋಗ್ತದೆ, ಮತ್ತೆ ಬಗ್ತದೆ. ಹಿಂಗೆ ಗಟಾರದಲ್ಲಿ ನೀರು ಹರಿದಂಗೆ ಹರೀತಾ ನೂರಾರು ಕಿಲೋಮೀಟರ್ ಹೋಗ್ತದೆ. ಇದೇ ಡಕ್ಟಿಂಗ್. ಈ ಗಟಾರ ಸಮುದ್ರದ ಮೇಲೆ ನೂರಿನ್ನೂರು ಮೀಟರ್ ದಪ್ಪ ಇದ್ದದ್ದು ಅಂತಿಟ್ಕಳಿ, 600 ಮೀಟರಿನಲ್ಲಿ ಕೂತವರ ಕಾಲ ಕೆಳಗೇ ಎಲ್ಲಾ ಹಾದು ಹೋಯ್ತು. ಮೇಲಿಂದ ಶಿರಸಿ ಕರಾವಳಿಯಿಂದ ಒಳಗೆ, ನಡುವೆ ಘಟ್ಟ. ಕೋಡಿಬಾಗದ ಟೆರೇಸು ಮಾತ್ರ ಸರಿಯಾಗಿ ಗಟಾರದ ಬಾಯಲ್ಲೇ ಅದೆ.

ಇನ್ನೊಂದು ಸೂಕ್ಷ್ಮ. ಪದರದ ದಪ್ಪ ನೋಡಿ ತರಂಗ ಹಿಡೀತದೆ. 2 ಮೀಟರ್ ಬ್ಯಾಂಡು (145 ಮೆಗಾಹರ್ಟ್ಸ್ ಸುತ್ತ) ಸಿಕ್ಕಿ ಬೀಳ್ಬೇಕಾದ್ರೆ ಸುಮಾರು 180 ಮೀಟರ್ ದಪ್ಪದ ಪದರ ಬೇಕು, 70 ಸೆಂಟಿಮೀಟರ್ ಬ್ಯಾಂಡಿಗೆ (434 ಮೆಗಾಹರ್ಟ್ಸ್ ಸುತ್ತ) 100 ಮೀಟರಿಗಿಂತ ಕಮ್ಮಿ ಇದ್ರೂ ಸಾಕು. ಹಂಗಾಗಿ 145ರಲ್ಲಿ ಎಂತದೂ ಇಲ್ಲ ಅಂತ ಸೆಟ್ಟು ಬಂದ್ ಮಾಡೂ ಮೊದಲು 434ರ ಮೇಲೆ ಒಂದ್ಸಲ ಕೇಳಿ. ಮೇಲಿನ ಬ್ಯಾಂಡು ಅಂದ್ರೆ ಹತ್ರಕ್ಕೆ ಮಾತ್ರ ಅಂಬೂದು ಈ ಸಮುದ್ರದ ಮುಂದೆ ನಡೆಯೂದಿಲ್ಲ.

ಹೊಗೆಯ ವಿಷಯ ಬರೆದದ್ದು ಚಂದ ಆದ್ರೆ ಸ್ವಲ್ಪ ತಿದ್ದುಪಡಿ: ಅದು ರಾತ್ರಿ ನೆಲ ತಣಿದು ಆಗೂ ಸಣ್ಣ ಪದರ, ಸಮುದ್ರದ ಮೇಲಿನದ್ದು ಅದಲ್ಲ. ಎರಡೂ ಗಾಳಿ ಇಲ್ದ ದಿನವೇ ಆಗೂದ್ರಿಂದ ಒಟ್ಟಿಗೆ ಕಾಣ್ತವೆ.

ಇದು ಹೊಸದೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಯಲ್ಲಿ 200 ಮೆಗಾಹರ್ಟ್ಸಿನ ರೇಡಾರ್ ಇಟ್ಟಿದ್ರು, ಅದಕ್ಕೆ ಸಾವಿರ ಮೈಲಿ ಆಚೆಯ ಅರಬಸ್ತಾನದ ದಡ ಕಾಣ್ತಿತ್ತು. 1957ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಹವಾಯಿ ನಡುವೆ 144ರಲ್ಲಿ ಮಾತಾಡಿದ್ರು, 4000 ಕಿಮೀ ಹತ್ರ. ಕಾರವಾರದಿಂದ ಮಸ್ಕತ್ ಇರೂದು 1900 ಚಿಲ್ಲರೆ, ನಡುವೆ ಬರೀ ನೀರು. ಯೋಚ್ನೆ ಮಾಡಿ.

ಅನುಮಾನದ_ಅಪ್ಪು · ಮಂಗಳವಾರ, ಬೆಳಿಗ್ಗೆ 8:20

ಮಾಸ್ತರೆ, ಒಪ್ಪಿದೆ. ಆದ್ರೂ ಒಂದು ಕೇಳ್ತೆ. ಬೆಳಿಗ್ಗೆ ಎದ್ದು ಇವತ್ತು ಪದರ ಅದೆ ಅಂತ ಗೊತ್ತಾಗೂದು ಹೆಂಗೆ, ದಿನಾ 6 ಗಂಟೆಗೆ ಟೆರೇಸಲ್ಲಿ ಯಾರು ನಿಲ್ತಾರೆ.

ಅಂಕೋಲಾ_ಸಿಗ್ನಲ್ · ಮಂಗಳವಾರ, ಮಧ್ಯಾಹ್ನ 1:45

ನಮಸ್ತೆ ಎಲ್ರಿಗೂ, ನಾನು ಇಂಜಿನಿಯರಿಂಗ್ ಮೂರನೇ ವರ್ಷ, ಲೈಸೆನ್ಸ್ ಇಲ್ಲ, ಕೇಳೂದು ಮಾತ್ರ. ಅಪ್ಪು ಅಣ್ಣಂಗೆ ಉತ್ತರ ನನ್ನ ಹತ್ರ ಅದೆ. ಯುಎಸ್‌ಬಿಗೆ ಚುಚ್ಚೂ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಲ್ಲಿ ರೇಡಿಯೋ ಕೇಳೂ ಸಣ್ಣ ಕಡ್ಡಿ) ಒಂದು ಪ್ರಾಜೆಕ್ಟಿಗೆ ಅಂತ ತರಿಸಿದ್ದು, ಅದ್ರಲ್ಲಿ ಹಡಗುಗಳ ಎಐಎಸ್ ಕೇಳ್ತಿದ್ದೆ. 161.975 ಮತ್ತೆ 162.025 ಮೆಗಾಹರ್ಟ್ಸಲ್ಲಿ ಪ್ರತಿ ಹಡಗೂ ತಾನು ಎಲ್ಲಿದ್ದೇನೆ ಅಂತ ಅಕ್ಷಾಂಶ ರೇಖಾಂಶ ಹೇಳ್ತಾ ಇರ್ತದೆ. ದಿನಾ ನನಗೆ ಕಾಣೂದು 40 ಕಿಮೀ ಒಳಗಿನ ನಾಲ್ಕೈದು ಹಡಗು. ಭಾನುವಾರ ಬೆಳಿಗ್ಗೆ ಅಮ್ಮ ಕರೆದದ್ದೂ ಕೇಳ್ಸ್ಲಿಲ್ಲ, ಸ್ಕ್ರೀನ್ ತುಂಬಾ ಹಡಗು! ಮುಂಬೈ ದಾಟಿ ಗುಜರಾತ್ ಹತ್ರದ್ದೂ ಇತ್ತು. ನಾನು ಸಾಫ್ಟ್‌ವೇರ್ ಕೆಟ್ಟಿದೆ ಅಂದ್ಕಂಡು ಎರಡು ಸಲ ತೆಗೆದು ಹಾಕಿದೆ. ಈಗ ನೋಡಿದ್ರೆ ಕಡಲಕರೆ ಅಣ್ಣ ಮಾತಾಡಿದ ಹೊತ್ತೂ ನನ್ನ ಲಾಗಿನ ಹೊತ್ತೂ ಒಂದೇ. ಅಂದ್ರೆ ಹಡಗಿನ ಮ್ಯಾಪ್ ತುಂಬಿದ್ರೆ ರೇಡಿಯೋ ಹಚ್ಬಹುದು ಅಲ್ವಾ?

ಮತ್ತೆ ಲೈಸೆನ್ಸ್ ತಕಳೂದು ಹೆಂಗೆ, ಮೋರ್ಸ್ (ಟೆಲಿಗ್ರಾಫಿನ ಸಂಕೇತ) ಕಲಿಯೂದು ಕಡ್ಡಾಯವಾ?

ಹೊನ್ನಾವರ_ಮಾಸ್ತರ · ಮಂಗಳವಾರ, ಮಧ್ಯಾಹ್ನ 2:10

ಶಾಬಾಸ್ ತಂಗಿ. ಇಡೀ ಚರ್ಚೆಯಲ್ಲಿ ಗಟ್ಟಿ ಸಾಕ್ಷಿ ಅಂದ್ರೆ ಇದೇ, ಹಡಗೇ ತನ್ನ ವಿಳಾಸ ಹೇಳಿದ ಮೇಲೆ ಅಪ್ಪು ಇಂಟರ್ನೆಟ್ ಅನ್ನೂ ಹಾಂಗಿಲ್ಲ.

ಸುಲಭದ ದಾರಿ ಇನ್ನೂ ಒಂದು ಅದೆ, ಕಾರಿನ ಎಫ್‌ಎಂ. ಖಾಲಿ ಇರೂ ಜಾಗದಲ್ಲಿ ಮುಂಬೈ ಸ್ಟೇಶನ್ನೋ ಅರಬ್ಬಿ ಹಾಡೋ ಬಂತು ಅಂದ್ರೆ ಕಾರು ಬದಿಗೆ ನಿಲ್ಸಿ ಹ್ಯಾಂಡಿ ತೆಗೀರಿ. ಹೆಪ್‌ಬರ್ನ್ ಅವರ ಡಕ್ಟಿಂಗ್ ಮುನ್ಸೂಚನೆ ನಕ್ಷೆ ನೆಟ್ಟಲ್ಲಿ ಸಿಕ್ತದೆ, ಅದನ್ನೂ ನೋಡ್ಬಹುದು.

ಲೈಸೆನ್ಸಿಗೆ ಮೋರ್ಸ್ ಬೇಡ, ರಿಸ್ಟ್ರಿಕ್ಟೆಡ್ ಗ್ರೇಡ್ ತಕ. ಜನರಲ್ ಗ್ರೇಡಿಗೆ ಮಾತ್ರ ಮೋರ್ಸ್. ರೇಡಿಯೋ ಥಿಯರಿ ಒಂದು, ನಿಯಮಗಳದ್ದು ಇನ್ನೊಂದು, ಇಷ್ಟೇ ಪರೀಕ್ಷೆ, 12 ವರ್ಷ ದಾಟಿದ ಯಾರೂ ಬರೀಬಹುದು. ಅರ್ಜಿ ಸರಳ್ ಸಂಚಾರ್ ಪೋರ್ಟಲ್ಲಿನಲ್ಲಿ. ಅಲ್ಲಿವರೆಗೆ ಪಿಟಿಟಿ ಮುಟ್ಟಬೇಡ, ಅದ್ರಲ್ಲೂ ನೌಕಾನೆಲೆ ಪಕ್ಕದ ಊರಿನಲ್ಲಿ.

ಕಡಲಕರೆ_73 · ಮಂಗಳವಾರ, ಮಧ್ಯಾಹ್ನ 2:32

ನೌಕಾನೆಲೆ ಅಂದದ್ದಕ್ಕೆ ನೆನಪಾಯ್ತು. ಯಾಗಿ ನಿಲ್ಸಿದ ಮಾರನೇ ದಿನವೇ ಓಣಿಯಲ್ಲಿ ಯಾರೋ ಗುಸುಗುಸು ಶುರು ಮಾಡಿದ್ರು, ಅದೆಂತ ಮೀನಿನ ಮುಳ್ಳು ಕಂಡಂಗೆ ಅದೆ, ಯಾರ ಹತ್ರ ಮಾತಾಡ್ತಾನೆ ಇವ ಅಂತ. ಮನೆ ಮಾಲಕರು ಟಿವಿ ಬರೂದಿಲ್ಲ ಅಂತ ಫೋನ್ ಮಾಡಿದ್ರು, ಆಗ ನನ್ನ ಸೆಟ್ಟಿನ ಬ್ಯಾಟರಿ ಚಾರ್ಜಿಗೆ ಇತ್ತು, ಅವರ ಡಿಶ್ ರಿಚಾರ್ಜ್ ಮುಗಿದಿತ್ತು. ಲೈಸೆನ್ಸ್ ಝೆರಾಕ್ಸ್ ಒಂದು ಮೆಟ್ಟಿಲ ಹತ್ರ ಗೋಡೆಗೆ ಅಂಟ್ಸಿದ್ದೆ, ಈಗ ಎಲ್ಲಾ ಶಾಂತ.

ಘಟ್ಟದ_ಮೇಲೆ · ಮಂಗಳವಾರ, ರಾತ್ರಿ 8:50

ಆಯ್ತು, ಗಟಾರ ನಿಮಗೆ ಇರ್ಲಿ, ಆಕಾಶ ನಂಗೆ ಬಿಡಿ.

ಘಟ್ಟದ ಮೇಲೆ ಇದ್ದವಂಗೆ ಮಜಾ ಅಂದ್ರೆ ಉಪಗ್ರಹ. ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್ ರಿಪೀಟರ್ ಅದೆ, 145.990ರಲ್ಲಿ 67 ಹರ್ಟ್ಸ್ ಟೋನ್ ಹಾಕಿ ಮಾತಾಡಿದ್ರೆ 437.800ರಲ್ಲಿ ಕೆಳಗೆ ಬರ್ತದೆ. ಅದು ಓಡೂದು ಸೆಕೆಂಡಿಗೆ ಏಳೂವರೆ ಕಿಮೀ ಮೇಲೆ, ಹಂಗಾಗಿ ಬರೂವಾಗ 437.810ರಲ್ಲಿ ಹುಡುಕ್ಬೇಕು, ತಲೆ ಮೇಲೆ ಬಂದಾಗ 800, ಹೋಗೂವಾಗ 790. ರೈಲು ಬಂದು ಹೋಗೂವಾಗ ಸೀಟಿ ಬದಲಾಗ್ತಲ ಅದೇ ಡಾಪ್ಲರ್ ಕಥೆ. ಹೆಚ್ಚಂದ್ರೆ 10 ನಿಮಿಷ ಸಿಕ್ತು.

ಅದಕ್ಕೆ ಆಂಟೆನಾ ಮಾಡಿದ್ದು ಕೇಳಿ. ಪೇಟೆಯಲ್ಲಿ ಸಿಗೂದಕ್ಕೆ ದುಡ್ಡು ಕೊಡೂಕೆ ಮನಸ್ಸಿಲ್ಲ. ಮನೆ ಹಿಂದೆ ಬಿದ್ದ ಮರ ಸೀಳಿದ ಒಣ ಅಡಿಕೆ ದಬ್ಬೆ ಇತ್ತು, ಅದನ್ನೇ ಒಂದೂವರೆ ಮೀಟರ್ ಕೊಯ್ದು ಬೂಮ್ (ಎಲಿಮೆಂಟು ಕೂರ್ಸೂ ನಡುಗೋಲು) ಮಾಡಿದೆ. ಎಲಿಮೆಂಟಿಗೆ ಆಚಾರಿ ಹತ್ರ ಇದ್ದ ಹಳೇ ಉಕ್ಕಿನ ಅಳತೆ ಟೇಪು. 2 ಮೀಟರಿಗೆ ಮೂರು ಎಲಿಮೆಂಟು, ಹಿಂದಿನದು 105 ಸೆಂಮೀ, ಮುಂದಿನದು 89. ಅದಕ್ಕೆ ಅಡ್ಡಲಾಗಿ 70 ಸೆಂಮೀಗೆ ಐದು. ಟೇಪಿನ ಬಣ್ಣ ಕೆರೆದು ತಾಮ್ರದ ತಂತಿ ಬೆಸುಗೆ ಹಾಕೂದೊಂದೇ ಕಷ್ಟ, ಬಣ್ಣ ಸ್ವಲ್ಪ ಉಳಿದ್ರೂ ಸೀಸ ಉಂಡೆಯಾಗಿ ಉದುರ್ತು, ಪಾಲಿಶ್ ಕಾಗದದಲ್ಲಿ ಬೆಳ್ಳಗೆ ಆಗೂವರೆಗೆ ತಿಕ್ಕಬೇಕು. ದಬ್ಬೆಗೆ ವಾರ್ನಿಶ್ ಹೊಡೀದಿದ್ರೆ ಮಳೆಗಾಲದಲ್ಲಿ ನೀರು ಕುಡಿದು ಟ್ಯೂನಿಂಗ್ ಓಡಿ ಹೋಗ್ತು, ಮೊದಲ ವರ್ಷ ಹಂಗೇ ಆತು. ಕಾಡಲ್ಲಿ ನುಗ್ಗೂವಾಗ ಟೇಪು ಬಗ್ಗಿ ಮತ್ತೆ ನೆಟ್ಟಗಾಗ್ತು, ಅದೊಂದು ಸುಖ.

ಮೊದಲ ಸಲ ಅಂಗಳದಲ್ಲಿ ನಿಂತು ಅದನ್ನ ಆಕಾಶಕ್ಕೆ ತಿರುಗ್ಸಿ ಕರೆದಾಗ ಬ್ಯಾಂಕಾಕ್ ಕಡೆಯವರೊಬ್ರು ಉತ್ತರ ಕೊಟ್ರು. ಅಪ್ಪಯ್ಯ ಜಗಲಿ ಮೇಲೆ ಕವಳ ಹಾಕ್ತಾ ಕೂತಿದ್ರು, ದಬ್ಬೆಯಲ್ಲಿ ಅಷ್ಟು ದೂರ ಹೋಗ್ತಾ ತಮಾ ಅಂತ ಕೇಳಿದ್ರು, ಮತ್ತೆ ಎಂತದೂ ಹೇಳ್ದೆ ಎಲೆಗೆ ಸುಣ್ಣ ಹಚ್ಚೂಕೆ ಹಿಡಿದ್ರು.

ಮತ್ತೊಂದು, ಅಡಿಕೆ ಕೊನೆಕೊಯ್ಲಿನ ಕಾರ್ಬನ್ ಫೈಬರ್ ದೋಟಿಯನ್ನು ಮಾಸ್ಟ್ (ಆಂಟೆನಾ ಕಂಬ) ಮಾಡ್ತೆ ಅಂತ ಯಾರಾದ್ರೂ ಹೊರಟ್ರೆ ನಿಲ್ಲಿ. ಹಗುರ ಅದೆ, 15 ಮೀಟರ್ ಮೇಲೆ ಹೋಗ್ತು, ಆಸೆ ಆಗ್ತು, ನಂಗೂ ಆತು. ಆದ್ರೆ ಕಾರ್ಬನ್ ಕರೆಂಟ್ ಹರಿಸ್ತು. ಅದಕ್ಕೆ ತಾಗಿಸಿ ಕಟ್ಟಿದ ಆಂಟೆನಾ ಹಾಳು, ಲೈನಿಗೆ ತಾಗಿದ್ರೆ ಜೀವವೇ ಹಾಳು.

ಅನುಮಾನದ_ಅಪ್ಪು · ಬುಧವಾರ, ಬೆಳಿಗ್ಗೆ 7:55

ದಬ್ಬೆ ಯಾಗಿ ಫೋಟೋ ಹಾಕಿ ಭಾವ.

ಕಡಲಕರೆ ಅಣ್ಣಾ, ನಿಮ್ಮ ಕೇಬಲ್ ಯಾವ್ದು? ಟೆರೇಸಿಂದ ಕೆಳಗಿನ ರೂಮಿಗೆ ಎಳೀತೆ ಅಂತ ಹೇಳಿದ್ರಿ ಹಿಂದೆ.

ಕಡಲಕರೆ_73 · ಬುಧವಾರ, ಬೆಳಿಗ್ಗೆ 9:10

ಆರ್‌ಜಿ-58, 20 ಮೀಟರ್. ಎಳೆದಾಯ್ತು. ಆದ್ರೆ ಎಂತಕೋ ಕೆಳಗೆ ಬಂದ ಮೇಲೆ ಗೋವಾನೂ ಸರಿ ಕೇಳ್ತಿಲ್ಲ.

ಅನುಮಾನದ_ಅಪ್ಪು · ಬುಧವಾರ, ಬೆಳಿಗ್ಗೆ 9:25

ಅಲ್ಲೇ ಇರೂದು ಕಳ್ಳ. 145ರಲ್ಲಿ ಆ ಕೇಬಲ್ಲು 100 ಮೀಟರಿಗೆ 20 ಡಿಬಿ (ಸಿಗ್ನಲ್ ನಷ್ಟದ ಅಳತೆ) ಹತ್ರ ತಿಂತದೆ. 20 ಮೀಟರಿಗೆ 4 ಡಿಬಿ, ಅಂದ್ರೆ 5 ವಾಟ್ ಕಳ್ಸಿದ್ರೆ ಮೇಲೆ ಮುಟ್ಟೂದು 2 ವಾಟ್. 435ರಲ್ಲಿ ಕೇಳ್ಬೇಡಿ, 1 ವಾಟ್ ಮುಟ್ಟಿದ್ರೆ ಪುಣ್ಯ. ಬರೂ ಸಿಗ್ನಲ್ಲಿಗೂ ಇದೇ ಗತಿ. 50 ವಾಟಿನ ಸೆಟ್ಟು ತಕಳೂ ದುಡ್ಡಲ್ಲಿ ದಪ್ಪ ಕೇಬಲ್ ತಕಳಿ. ದುಡ್ಡಿಲ್ದಿದ್ರೆ ಕೇಬಲ್ ಟಿವಿಯವರ ಹತ್ರ ಉಳಿದ ಆರ್‌ಜಿ-6 ಕೇಳಿ. 75 ಓಮಿಂದು, ಎಸ್‌ಡಬ್ಲ್ಯುಆರ್ (ಕೇಬಲ್ ಸೆಟ್ಟಿಗೆ ಎಷ್ಟು ಹೊಂದೂದಿಲ್ಲ ಅಂಬೂ ಅಳತೆ) 1.5 ತೋರಿಸ್ತದೆ, ಹೆದರಬೇಡಿ, ಆರ್‌ಜಿ-58ಕ್ಕಿಂತ ನಷ್ಟ ಅರ್ಧದ ಹತ್ರ.

(ನನ್ನ ಅನುಮಾನ ಒಂದೊಂದ್ಸಲ ಉಪಯೋಗಕ್ಕೆ ಬರ್ತದೆ.)

ಹೊನ್ನಾವರ_ಮಾಸ್ತರ · ಬುಧವಾರ, ಬೆಳಿಗ್ಗೆ 10:00

ಅಪ್ಪು ಹೇಳಿದ್ದು ಸರಿ, ಆದ್ರೂ 4 ಡಿಬಿಗೆ ಗೋವಾ ಮಾಯ ಆಗ್ಬಾರ್ದು. ಮೇಲಿನ ಕನೆಕ್ಟರ್ ಬಿಚ್ಚಿ ನೋಡಿ.

ಕಡಲಕರೆ_73 · ಬುಧವಾರ, ಸಂಜೆ 6:48

ಬಿಚ್ಚಿದೆ. ಮಾಸ್ತರೆ ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಪಿಎಲ್-259 ಕನೆಕ್ಟರ್ ಒಳಗೆ ಹಸಿರು ಕಿಲುಬು, ಜಾಳಿಗೆ ತಂತಿ ಚಾ ಪುಡಿ ಬಣ್ಣಕ್ಕೆ ತಿರುಗಿ ಬೆರಳಲ್ಲಿ ಮುಟ್ಟಿದ್ರೆ ಪುಡಿ ಪುಡಿ. ಬರೀ ಒಂದು ತಿಂಗಳಲ್ಲಿ! ಉಪ್ಪು ಗಾಳಿ ಫ್ರಿಜ್ಜು ಸ್ಕೂಟರ್ ತಿನ್ನೂದು ಗೊತ್ತಿತ್ತು, ಇದನ್ನೂ ಬಿಡ್ಲಿಲ್ಲ. ನಾನು ಅದಕ್ಕೆ ಸಾದಾ ಇನ್ಸುಲೇಶನ್ ಟೇಪ್ ಸುತ್ತಿದ್ದೆ, ಅದ್ರ ಒಳಗೇ ಇಬ್ಬನಿ ನೀರು ನಿಂತಿತ್ತು. ಅರ್ಧ ಮೀಟರ್ ಕೇಬಲ್ ಕೊಯ್ದು ಬಿಸಾಕಿ ಹೊಸ ಕನೆಕ್ಟರ್, ಅದ್ರ ಮೇಲೆ ಎಳೆದು ಸುತ್ತಿದ್ರೆ ತಾನೇ ಕರಗಿದಂಗೆ ಅಂಟಿಕಳ್ಳೂ ರಬ್ಬರ್ ಟೇಪು, ಮತ್ತೆ ಕೇಬಲ್ ಕೆಳಗೆ ಬರೂ ಮೊದಲು ಒಂದು ಬಳಸು ಬಿಟ್ಟಿದ್ದೆ ನೀರು ಅಲ್ಲೇ ತೊಟ್ಟಿಕ್ಲಿ ಅಂತ.

ಅಂಕೋಲಾ_ಸಿಗ್ನಲ್ · ಬುಧವಾರ, ರಾತ್ರಿ 9:30

ಮಾಸ್ತರೆ, ನಮ್ಮದೇ ದೇಶದ ಹ್ಯಾಮ್ ಉಪಗ್ರಹ ಇತ್ತಂತಲ್ಲ, ನೀವು ಮಾತಾಡಿದ್ರಾ?

ಹೊನ್ನಾವರ_ಮಾಸ್ತರ · ಗುರುವಾರ, ಬೆಳಿಗ್ಗೆ 6:05

ಹ್ಯಾಮ್‌ಸ್ಯಾಟ್. 2005ರ ಮೇ 5ಕ್ಕೆ ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1ರ ಜೊತೆ ಹೋದದ್ದು, ಮೇಲೆ ಹೋದ ಮೇಲೆ ವಿಓ-52 ಅಂತ ಹೆಸರು. 435ರಲ್ಲಿ ಕಳ್ಸೂದು, 145ರಲ್ಲಿ ಕೇಳೂದು. ಎಸ್‌ಎಸ್‌ಬಿ (ಫ್ರೀಕ್ವೆನ್ಸಿ ಸ್ವಲ್ಪ ತಪ್ಪಿದ್ರೂ ಧ್ವನಿ ಕೆಡೂ ಬಗೆ) ಆದ್ದರಿಂದ ನಮ್ಮ ಧ್ವನಿ ನಮಗೇ ವಾಪಸ್ ಬರೂದನ್ನ ಕೇಳ್ತಾ ಗುಂಡಿ ತಿರುಗಿಸ್ತಾ ಇರ್ಬೇಕಿತ್ತು, ಎಡಗೈ ಆಂಟೆನಾಕ್ಕೆ ಬಲಗೈ ಡಾಪ್ಲರಿಗೆ, ಲಾಗ್ ಬರೀಲಿಕ್ಕೆ ಮನೆಯವರು. ಅವಳಿಗೆ ಕಾಲ್‌ಸೈನ್ (ಹ್ಯಾಮ್‌ಗಳ ಗುರುತಿನ ಹೆಸರು) ಎಲ್ಲಾ ಬಾಯಿಪಾಠ ಆಗಿತ್ತು. ಎರಡು ವರ್ಷ ಬಾಳ್ವದು ಅಂದದ್ದು ಒಂಬತ್ತು ವರ್ಷ ಬಾಳ್ತು, 2014ರ ಜುಲೈಯಲ್ಲಿ ಬ್ಯಾಟರಿ ಕೈಕೊಟ್ಟು ನಿಂತೋಯ್ತು. ಆ ಲಾಗ್ ಪುಸ್ತಕ ಇನ್ನೂ ಅದೆ, ಅವಳ ಅಕ್ಷರದಲ್ಲಿ.

ಕಡಲಕರೆ_73 · ಗುರುವಾರ, ಬೆಳಿಗ್ಗೆ 8:15

ಮಾಸ್ತರೆ ಒಂದಿನ ಹೊನ್ನಾವರಕ್ಕೆ ಬರ್ತೆ, ಆ ಪುಸ್ತಕ ನೋಡೂಕೆ.

ಎಲ್ರಿಗೂ ಒಂದು ಮಾತು. ನಾನು ಎರಡು ವರ್ಷ ಕರೆದಾಗ ಯಾರೂ ಇರ್ಲಿಲ್ಲ ಅಂದ್ನಲ, ಈಗ ಅನ್ಸೂದು ಎಲ್ರೂ ಇದ್ರು, ಒಬ್ಬೊಬ್ರು ಒಂದೊಂದು ಹೊತ್ತಿಗೆ ಕರೆದು ಬೇಜಾರಾಗಿ ಬಂದ್ ಮಾಡಿದ್ರು. ಹೊತ್ತು ಗೊತ್ತು ಮಾಡ್ವ. ಭಾನುವಾರ ಬೆಳಿಗ್ಗೆ 6:30ರಿಂದ 7:30, ಮೊದಲು 2 ಮೀಟರ್, ಅರ್ಧ ಗಂಟೆ ಆದ ಮೇಲೆ 70 ಸೆಂಮೀ. ಅಲಿಬಾಗದವರಿಗೂ ಹೇಳಿದ್ದೆ. ಅಂಕೋಲೆ ತಂಗಿ ಹಡಗಿನ ಮ್ಯಾಪ್ ಇಲ್ಲಿ ಹಾಕಿದ್ರೆ ಸಾಕು.

ಘಟ್ಟದ_ಮೇಲೆ · ಭಾನುವಾರ, ಬೆಳಿಗ್ಗೆ 8:40

ಗೋಕರ್ಣದಿಂದ ಬರೀತಾ ಇದ್ದೆ. ಹೌದು, ಹೊಟ್ಟೆಕಿಚ್ಚು ತಡೀಲಾರದೆ ನಿನ್ನೆ ಸಂಜೆ ದೇವಿಮನೆ ಘಟ್ಟ ಇಳಿದು ಅತ್ತೆ ಮನೆಗೆ ಬಂದೆ, ದೇವರ ದರ್ಶನ ಅಂತ ಹೇಳಿ. ಬೆಳಿಗ್ಗೆ 6:20ಕ್ಕೆ ದಬ್ಬೆ ಯಾಗಿ ಹೆಗಲ ಮೇಲೆ ಹಾಕ್ಕಂಡು ಸಮುದ್ರದ ಹತ್ರ ಹೋದ್ರೆ ನಾಲ್ಕು ನಾಯಿ ಹಿಂದೆ. 2 ಮೀಟರಿನಲ್ಲಿ ಕಡಲಕರೆ ಭಾವ ಸಿಕ್ದ, ಅದು ಹತ್ರವೇ ಬಿಡಿ. ಅಲಿಬಾಗ್ ಇಲ್ಲ. ಇವತ್ತೂ ಹೋತು ಅಂದ್ಕಂಡೆ. ಮಾಸ್ತರು ಹೇಳಿದ್ದು ನೆನಪಾಗಿ 70 ಸೆಂಮೀಗೆ ಹೋದ್ರೆ ರತ್ನಾಗಿರಿಯವರೊಬ್ರು, ಕಿವಿ ತಮಟೆ ಒಡೆಯೂ ಹಂಗೆ! ಕೈಸೆಟ್ಟು, ಮರಳಿನ ಮೇಲೆ ಬರಿಗಾಲಲ್ಲಿ ನಿಂತು. ವಾಪಸ್ ಬರೂವಾಗ ಅತ್ತೆ ಕೇಳಿದ್ರು ದರ್ಶನ ಆತಾ ಅಂತ. ಆತು ಅಂದೆ.

ಅಂಕೋಲಾ_ಸಿಗ್ನಲ್ · ಭಾನುವಾರ, ಬೆಳಿಗ್ಗೆ 8:52

ಮ್ಯಾಪ್ ಹಾಕಿದ್ದೆ ಮೇಲೆ. ಇವತ್ತು ಹಡಗು ಕಮ್ಮಿ, ಗೋವಾ ದಾಟಿ ಒಂದೂ ಇಲ್ಲ. 162ರಲ್ಲಿ ಇಲ್ದೆ 434ರಲ್ಲಿ ಇದ್ದದ್ದು ಅಂದ್ರೆ ಪದರ ತೆಳು ಇತ್ತು ಅಂತ ಆಯ್ತಲ್ಲ ಮಾಸ್ತರೆ?

ಹೊನ್ನಾವರ_ಮಾಸ್ತರ · ಭಾನುವಾರ, ಬೆಳಿಗ್ಗೆ 9:03

ಹೌದು. ಪರೀಕ್ಷೆಗೆ ಅರ್ಜಿ ಹಾಕಿದ್ಯಾ?